ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್: 3 ವರ್ಷ ಡ್ಯೂಟಿ ಮಾಡಿದ ಮೇಲೆ ಕೊಡುತ್ತಿರುವ ಸ್ಟಾರ್

ಕೋರ್ಸ್ ಮುಗಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಬರೆದಿದ್ದರೆ ಒಂದು ಕೊಡುವುದಕ್ಕೂ ಮನಸ್ಸು ಬರುತ್ತಿರಲಿಲ್ಲ. ಈಗ 3 ವರ್ಷ ಡ್ಯೂಟಿ ಮಾಡಿದ್ದೇನೆ. ಆಗಿನ ಹುಮ್ಮಸ್ಸೂ ಇಲ್ಲ, ಆಗಿನ ಸಿಟ್ಟೂ ಇಲ್ಲ. ಮೂರೂವರೆ ಅಂತ ಇಟ್ಟುಕೊಳ್ಳಿ. ಆ ಅರ್ಧ ಸ್ಟಾರ್ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲೇ ಒಂದು ಮಾತು. ನರ್ಸಿಂಗ್ ಅಸಿಸ್ಟೆಂಟ್ ಅಂದರೆ ಅರ್ಧ ನರ್ಸ್ ಅಲ್ಲ. ಇಂಜೆಕ್ಷನ್ ಚುಚ್ಚುವುದು, ಡ್ರಿಪ್ ಹಾಕುವುದು, ಯಾವ ಮಾತ್ರೆ ಯಾವಾಗ ಅಂತ ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ. ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು, ಮಗ್ಗುಲು ಬದಲಿಸುವುದು, ಜ್ವರ, ನಾಡಿ, ಬಿ.ಪಿ. ನೋಡಿ ಬರೆಯುವುದು, ನಿನ್ನೆ ಇದ್ದ ಹಾಗೆ ಇವತ್ತು ಇಲ್ಲ ಅನ್ನಿಸಿದರೆ ಓಡಿಹೋಗಿ ಸಿಸ್ಟರ್‌ಗೆ ಹೇಳುವುದು. ನಮ್ಮ ಬ್ಯಾಚಿನಲ್ಲಿ ಇಬ್ಬರು ಇದು ಗೊತ್ತಿಲ್ಲದೆ ಸೇರಿದ್ದರು. ಬೆಡ್‌ಪ್ಯಾನ್ ಪಾಠದ ದಿನ ಮಧ್ಯಾಹ್ನವೇ ಬ್ಯಾಗ್ ಎತ್ತಿಕೊಂಡು ಹೋದರು. ಅವರ ತಪ್ಪೇನಿಲ್ಲ. ದುಡ್ಡು ಕಟ್ಟಿಸಿಕೊಳ್ಳುವಾಗ ಯಾರೂ ಬಿಡಿಸಿ ಹೇಳಿರಲಿಲ್ಲ.

ಈಗ ಡಮ್ಮಿ ವಿಷಯ. ಡಮ್ಮಿ ಅಂದರೆ ರೋಗಿಯ ಬದಲು ಅಭ್ಯಾಸಕ್ಕೆ ಇಡುವ ಆಳೆತ್ತರದ ಬೊಂಬೆ. ಇಡೀ ಬ್ಯಾಚಿಗೆ ಇದ್ದದ್ದು ಒಂದೇ. ಅದರ ಎಡ ಮೊಣಕೈ ಮಡಚುತ್ತಲೇ ಇರಲಿಲ್ಲ. ಅಂಗಿ ಹಾಕುವ ಪಾಠ ಬಂದಾಗ ನಾವೆಲ್ಲ ಅದನ್ನು ಬೈದದ್ದೇ ಬೈದದ್ದು. ನಮ್ಮ ಮೇಡಂ ರಿಟೈರ್ ಆದ ನರ್ಸ್. ಅವರು ನಗುತ್ತಾ, "ಇಷ್ಟು ಒಳ್ಳೆ ಪೇಷಂಟ್ ಮುಂದೆ ನಿಮಗೆ ಸಿಗಲ್ಲ, ಸುಮ್ನೆ ಹಾಕ್ರಿ" ಅಂದರು. ಲಕ್ವ ಹೊಡೆದವರಿಗೆ ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಇದನ್ನು ನಮ್ಮ ಕೈಲಿ ಎಷ್ಟು ಸಲ ಮಾಡಿಸಿದರೋ ಲೆಕ್ಕ ಇಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಎಡಗಡೆ ಪೂರ್ತಿ ಬಿದ್ದುಹೋದ ಅಜ್ಜ ಒಬ್ಬರು ನನ್ನ ಪಾಲಿಗೆ ಬಂದರು. ಕೈ ಥೇಟ್ ಆ ಡಮ್ಮಿಯ ಕೈ! ಅಂಗಿಯ ತೋಳಿನ ತುದಿಯಿಂದ ನನ್ನ ಕೈಯನ್ನೇ ಒಳಗೆ ತೂರಿಸಿ, ಅಜ್ಜನ ಅಂಗೈ ಹಿಡಿದುಕೊಂಡು, ಅಂಗಿಯನ್ನು ಅವರ ತೋಳಿನ ಮೇಲೆ ನಿಧಾನಕ್ಕೆ ಸರಿಸಿದೆ. ಅವರ ಕೈ ಎಳೆಯಲಿಲ್ಲ, ಬಟ್ಟೆ ಎಳೆದೆ. ಬೆನ್ನ ಹಿಂದಿನಿಂದ ಅಂಗಿ ತಂದು, ಗಟ್ಟಿ ಇರುವ ಕೈಯನ್ನು ಅವರೇ ತೂರಿಸಿಕೊಂಡರು. "ನೋವೇ ಆಗ್ಲಿಲ್ವಲ್ಲಮ್ಮ" ಅಂದರು. ಆ ಅರ್ಧ ಸ್ಟಾರ್ ಡಮ್ಮಿಗೆ.

ಕೋರ್ಸ್ ನಿಜವಾಗಿ ಕೊಟ್ಟದ್ದು ಇಂಥ ಸಣ್ಣ ಸಣ್ಣ ವಿಷಯಗಳನ್ನು. ಇವು ತಲೆಯಲ್ಲಿ ಅಲ್ಲ, ಕೈಯಲ್ಲಿ ಕೂತಿವೆ. ನಾಡಿ ಹಿಡಿಯುವಾಗ ಹೆಬ್ಬೆರಳು ಇಡಬಾರದು, ಅದರದ್ದೇ ಬಡಿತ ನಮ್ಮನ್ನು ಯಾಮಾರಿಸುತ್ತದೆ. ಉಸಿರು ಎಣಿಸುತ್ತಿದ್ದೇನೆ ಅಂತ ರೋಗಿಗೆ ಹೇಳಲೇಬಾರದು. ಹೇಳಿದರೆ ಉಸಿರಾಟದ ಲಯವೇ ಬದಲಾಗುತ್ತದೆ. ನಾಡಿ ನೋಡಿ ಮುಗಿದ ಮೇಲೂ ಬೆರಳು ಮಣಿಕಟ್ಟಿನ ಮೇಲೇ ಇಟ್ಟುಕೊಂಡು, ಕಣ್ಣು ಎದೆಯ ಮೇಲೆ ಇಟ್ಟು ಎಣಿಸಬೇಕು. ಒಂಥರಾ ಕಳ್ಳಾಟ, ಆದರೆ ಲೆಕ್ಕ ಸರಿ ಬರುವುದು ಹೀಗೇ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಲ. ಅದಕ್ಕಿಂತ ಹೆಚ್ಚುಕಮ್ಮಿ ಇದ್ದರೆ ಸುಮ್ಮನಿರಬಾರದು. ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ರೋಗಿಯನ್ನು ಸಾಗಿಸುವಾಗ ಅದನ್ನು ಹೊಟ್ಟೆ ಮೇಲೆ ಇಟ್ಟು ತಳ್ಳಿಕೊಂಡು ಹೋಗುವವರನ್ನು ಈಗಲೂ ನೋಡುತ್ತೇನೆ, ಮೈ ಉರಿಯುತ್ತದೆ. ಊಟ ಮಾಡಿಸಿದ ತಕ್ಷಣ ಮಲಗಿಸಬಾರದು, ಕಡಿಮೆ ಅಂದರೂ ಅರ್ಧ ಗಂಟೆ ಒರಗಿ ಕೂತಿರಲಿ.

ಹಾಸಿಗೆ ಹುಣ್ಣಿನ ಪಾಠದಲ್ಲಿ ಮಾತ್ರ ಒಂದು ದೊಡ್ಡ ತೂತು ಇತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ, ಸೊಂಟ, ಬೆನ್ನಿನ ಕೊನೆಯ ಮೂಳೆ ನೋಡಿ, ಒತ್ತಿದಾಗ ಬಿಳಿಚಿಕೊಳ್ಳದ ಕೆಂಪು ಕಂಡರೆ ಹೇಳಿ ಅಂತ ಕಲಿಸಿದರು. ಪುಸ್ತಕದಲ್ಲಿದ್ದ ಚಿತ್ರಗಳೆಲ್ಲ ಬಿಳಿ ಚರ್ಮದ್ದು. ಕಪ್ಪು ಮೈಯವರಲ್ಲಿ ಆ ಕೆಂಪು ಹಾಗೆ ಎದ್ದು ಕಾಣುವುದಿಲ್ಲ. ಅಲ್ಲಿ ಕಣ್ಣಿಗಿಂತ ಕೈಯನ್ನು ನಂಬಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ನೋಯುತ್ತದಾ ಅಂತ. ಇದನ್ನು ನನಗೆ ಕಲಿಸಿದ್ದು ವಾರ್ಡಿನ ಹಳೆಯ ಸಿಸ್ಟರ್. ನನ್ನ ಬೆರಳನ್ನು ತಾವೇ ಹಿಡಿದು ಒಬ್ಬ ಅಜ್ಜಿಯ ಹಿಮ್ಮಡಿ ಮೇಲೆ ಇಟ್ಟು, "ಈಗ ಗೊತ್ತಾಯ್ತಾ?" ಅಂದರು. ಗೊತ್ತಾಯಿತು. ಕಣ್ಣಿಗೆ ಏನೂ ಕಂಡಿರಲಿಲ್ಲ.

ಇನ್ನು ದೂರು. ಸೇರುವಾಗ ಇಷ್ಟು ದಿನ ವಾರ್ಡಿಗೆ ಕಳಿಸುತ್ತೇವೆ ಅಂತ ಹೇಳಿದ್ದರಲ್ಲ, ಅದರಲ್ಲಿ ಅರ್ಧವೂ ಕಳಿಸಲಿಲ್ಲ. ಕಳಿಸಿದ ದಿನಗಳಲ್ಲೂ ಎಷ್ಟೋ ಹೊತ್ತು ಬೆಡ್‌ಶೀಟ್ ಮಡಚುತ್ತಾ ನಿಂತಿದ್ದೆವು. ಅದರ ಪೆಟ್ಟು ಬಿದ್ದದ್ದು ಕೆಲಸದಲ್ಲಿ. ಡಮ್ಮಿಗೆ ಮೈ ಒರೆಸಲು ನಾನು 40 ನಿಮಿಷ ತೆಗೆದುಕೊಳ್ಳುತ್ತಿದ್ದೆ, ಮೇಡಂ ಶಹಬ್ಬಾಸ್ ಅನ್ನುತ್ತಿದ್ದರು. ಡ್ಯೂಟಿಯ ಮೊದಲ ಬೆಳಿಗ್ಗೆ 9 ಜನ ಇದ್ದರು. ಯಾರನ್ನು ಮೊದಲು ನೋಡಬೇಕು, ಯಾರು ಅರ್ಧ ಗಂಟೆ ಕಾಯಬಹುದು, ಯಾರನ್ನು ಕಾಯಿಸಿದರೆ ಹಾಸಿಗೆ ಒದ್ದೆ ಆಗುತ್ತದೆ, ಇದನ್ನು ಯಾವ ಪಾಠದಲ್ಲೂ ಹೇಳಿರಲಿಲ್ಲ. ಅವತ್ತು ಬಾತ್‌ರೂಮಿನಲ್ಲಿ ಅತ್ತೆ. ಒಬ್ಬರು ತೀರಿಕೊಂಡ ಮೇಲೆ ಅವರ ಮೈ ಒರೆಸಿ ಬಟ್ಟೆ ಸರಿ ಮಾಡುವುದು ಕೂಡ ನಮ್ಮ ಕೆಲಸವೇ. ಪುಸ್ತಕದಲ್ಲಿ ಅದಕ್ಕೆ ಒಂದು ಪುಟ ಇತ್ತು. ಕ್ಲಾಸಿನಲ್ಲಿ ಆ ಪುಟ ಹಾರಿಸಿದರು.

ಪರೀಕ್ಷೆ ಕಷ್ಟ ಇರಲಿಲ್ಲ. ಬರೆಯುವುದು ಒಂದು, ಮಾಡಿ ತೋರಿಸುವುದು ಒಂದು. ಜಾಸ್ತಿ ಜನ ಎಡವಿದ್ದು ಕೈ ತೊಳೆಯುವುದರಲ್ಲಿ, ನಂಬುತ್ತೀರಾ? ಸೋಪು ನೀರಿನಲ್ಲಿ ಮೊದಲಿಂದ ಕೊನೆಯವರೆಗೆ 40ರಿಂದ 60 ಸೆಕೆಂಡು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟೂ ಚೆನ್ನಾಗಿ ತೊಳೆದು, ಕೊನೆಗೆ ಬರಿಗೈಯಲ್ಲಿ ನಲ್ಲಿ ನಿಲ್ಲಿಸಿದರೆ ಹೋಯಿತು. ನನಗೆ ಬಂದದ್ದು ಬೆಡ್‌ಪ್ಯಾನ್. ಎಲ್ಲ ಮಾಡಿ, ಪರದೆ ಎಳೆದು, ಗ್ಲೌಸ್ ತೆಗೆದು ಬಾಗಿಲ ಹತ್ತಿರ ಬಂದ ಮೇಲೆ ನೆನಪಾಯಿತು, ಕಾಲಿಂಗ್ ಬೆಲ್ ರೋಗಿಯ ಕೈಗೆ ಸಿಗುವ ಹಾಗೆ ಇಟ್ಟಿಲ್ಲ ಅಂತ. ವಾಪಸ್ ಹೋಗಿ ಇಟ್ಟೆ. ಪರೀಕ್ಷಕರು ಏನೂ ಹೇಳದೆ ಬರೆದುಕೊಂಡರು. ಪಾಸಾಯಿತು. ಅವತ್ತಿಂದ ಇವತ್ತಿನವರೆಗೆ ಬೆಲ್ ಮರೆತಿಲ್ಲ.

ಸರ್ಟಿಫಿಕೇಟ್ ಬಗ್ಗೆ ಹೇಳುವುದಾದರೆ, ಅದು ಬಾಗಿಲು ತೆರೆಯುತ್ತದೆ, ಅಷ್ಟೇ. ಯಾರು ಕೊಟ್ಟದ್ದು, ಎಲ್ಲಿ ನಡೆಯುತ್ತದೆ ಅನ್ನುವುದು ಮುಖ್ಯ. ಅಳೆಯಲು ಒಂದು ಲೆಕ್ಕ ಬೇಕಿದ್ದರೆ ಅಮೆರಿಕದ್ದು ನೋಡಬಹುದು. ವೃದ್ಧರ ಆರೈಕೆ ಕೇಂದ್ರಗಳಲ್ಲಿ ಕೆಲಸ ಮಾಡುವ ನರ್ಸಿಂಗ್ ಅಸಿಸ್ಟೆಂಟ್‌ಗಳಿಗೆ ಕನಿಷ್ಠ 75 ಗಂಟೆ ತರಬೇತಿ ಇರಲೇಬೇಕು ಅಂತ ಅಲ್ಲಿ 1987ರಲ್ಲಿ ಕಾನೂನು ಬಂತು. ಅದರಲ್ಲಿ 16 ಗಂಟೆಯಾದರೂ ಮೇಲ್ವಿಚಾರಕರ ಎದುರು ಕೈಯಾರೆ ಮಾಡಬೇಕು. ಕೆಲವು ರಾಜ್ಯಗಳು ಎರಡರಷ್ಟು ಕೇಳುತ್ತವೆ. 24 ತಿಂಗಳು ಸತತವಾಗಿ ಈ ಕೆಲಸ ಬಿಟ್ಟು ಕೂತರೆ ಮತ್ತೆ ಮೊದಲಿಂದ ತರಬೇತಿ, ಪರೀಕ್ಷೆ. ಮೊದಲು ಓದಿದಾಗ ಇದೇನು ಅತಿ ಅನ್ನಿಸಿತ್ತು. ಕಾಲು ಮುರಿದುಕೊಂಡು ನಾನು 4 ತಿಂಗಳು ಮನೆಯಲ್ಲಿದ್ದು ವಾಪಸ್ ಬಂದಾಗ, ಬಿ.ಪಿ. ನೋಡುವಾಗ ಎರಡು ಸಲ ತಡಕಾಡಿದೆ. ಆಮೇಲೆ ಅತಿ ಅನ್ನಿಸಲಿಲ್ಲ.

ಸೇರಬೇಕು ಅಂತಿರುವವರು ಕಟ್ಟಡ ನೋಡಬೇಡಿ, ಗೋಡೆ ಮೇಲಿನ ಫೋಟೋ ನೋಡಬೇಡಿ. ವಾರ್ಡಿನಲ್ಲಿ ಎಷ್ಟು ಗಂಟೆ ಅಂತ ಬರೆದುಕೊಡಿ ಅನ್ನಿ. ವಾರ್ಡಿನಲ್ಲಿ ನಮ್ಮ ಪಕ್ಕ ನಿಂತು ತಿದ್ದುವವರು ಯಾರು ಅಂತ ಕೇಳಿ. ಹೋದ ಬ್ಯಾಚಿನ ಇಬ್ಬರ ನಂಬರ್ ತೆಗೆದುಕೊಂಡು ಮಾತಾಡಿ, ಅದೂ ಪಾಸಾಗಿ ಒಂದು ವರ್ಷವಾದರೂ ಕೆಲಸ ಮಾಡಿದವರ ಹತ್ತಿರ. ಹೋದ ವಾರ ಪಾಸಾದವರನ್ನು ಕೇಳಿದರೆ ಐದು ಸ್ಟಾರ್ ಅಂತಲೇ ಹೇಳುತ್ತಾರೆ.