ಕಣ ಒಡೆದು ಕೋರ್ಟ್ ಮಾಡಿಸಿದೆ: ಮೂರು ಮಳೆಗಾಲದ ನಂತರದ ಲೆಕ್ಕ

ಸಕಲೇಶಪುರದಿಂದ ಹದಿನೆಂಟು ಕಿಲೋಮೀಟರ್ ಒಳಗೆ, ಕಾಫಿ ತೋಟದ ನಡುವೆ ನಮ್ಮದು ನಾಲ್ಕು ರೂಮಿನ ಹೋಂಸ್ಟೇ. 2022ರ ಕೊನೆಯಲ್ಲಿ ಮನೆ ಮುಂದಿನ ಕಾಫಿ ಕಣ ಒಡೆಸಿ, ಅದೇ ಜಾಗದಲ್ಲಿ ಶಟಲ್ ಆಡಲು ಅಕ್ರಿಲಿಕ್ ಬಣ್ಣದ ಕೋರ್ಟ್ ಮಾಡಿಸಿದೆ. ಈಗ ಮೂರು ಮಳೆಗಾಲ ಕಳೆದಿವೆ. "ಕೋರ್ಟ್ ಹಾಕ್ಸಿದ್ರಲ್ಲ, ವರ್ಕೌಟ್ ಆಯ್ತಾ?" ಅಂತ ಸುತ್ತಮುತ್ತಲಿನ ಹೋಂಸ್ಟೇಯವರು ಫೋನ್ ಮಾಡುತ್ತಲೇ ಇರುತ್ತಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವುದಕ್ಕಿಂತ ಇಲ್ಲಿ ಒಮ್ಮೆ ಬರೆದುಬಿಡುವುದು ವಾಸಿ.

ಮೊದಲು ಯೋಚಿಸಿದ್ದು ಈಜುಕೊಳ. ಆದರೆ ನಮ್ಮಲ್ಲಿ ಸಿಲ್ವರ್ ಓಕ್ ಎಲೆ ದಿನವಿಡೀ ಉದುರುತ್ತದೆ. ಕ್ಲೋರಿನ್, ಪಿಎಚ್ ಅಂತ ದಿನಾ ನೀರು ನೋಡಿಕೊಳ್ಳಲು ಒಬ್ಬ ಆಳು ಬೇಕು. ಡಿಸೆಂಬರ್ ಚಳಿಗೆ ಕಾಲಿಡುವವರೂ ಕಮ್ಮಿ. ಕೋರ್ಟ್ ಆದರೆ ಒಂದು ಸಲ ಹಾಕಿದರೆ ಮುಗೀತು ಅಂದರು ಬೆಂಗಳೂರಿನಿಂದ ಬಂದ ಕಂಟ್ರಾಕ್ಟರ್. ಆ ಮಾತನ್ನು ನಂಬಿದ್ದೇ ಮೊದಲ ತಪ್ಪು.

ಖರ್ಚು ಬಿಚ್ಚಿಯೇ ಹೇಳುತ್ತೇನೆ. ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ. ಜೆಸಿಬಿ ಕೆಲಸ ಮತ್ತು ಸುತ್ತ ಚರಂಡಿಗೆ 40 ಸಾವಿರ. ಕಾಂಕ್ರೀಟಿಗೆ 2.40 ಲಕ್ಷ. ಅಕ್ರಿಲಿಕ್ ಪದರಗಳಿಗೆ 1.25 ಲಕ್ಷ. ಹತ್ತಡಿ ಎತ್ತರದ ಜಾಲರಿ ಬೇಲಿಗೆ 1.35 ಲಕ್ಷ. ಲೈಟು, ಕಂಬಕ್ಕೆ 90 ಸಾವಿರ. ನೆಟ್, ಬ್ಯಾಟು, ಆಮೇಲೆ ಇನ್ನೊಂದು ಆಟಕ್ಕೆ ತಂದ ಪ್ಯಾಡಲ್ ಅನ್ನೋ ಗಟ್ಟಿ ಬ್ಯಾಟು ಎಲ್ಲ ಸೇರಿ 30 ಸಾವಿರ. ಒಟ್ಟು 6.60 ಲಕ್ಷ. ಇದರಲ್ಲಿ ಕಣದ ಬೆಲೆ ಸೇರಿಲ್ಲ. ಅದರ ಕಥೆ ಆಮೇಲೆ.

ಮೊದಲ ವರ್ಷ ಅದು ಶಟಲ್ ಕೋರ್ಟ್. ಫೋಟೋದಲ್ಲಿ ಏನು ಚೆಂದ ಅಂತೀರಿ! ಸುತ್ತ ಕಾಫಿ ಗಿಡ, ಹಿಂದೆ ಮಂಜು, ನಡುವೆ ನೀಲಿ ನೆಲ. ಆದರೆ ನಮ್ಮದು ಗುಡ್ಡದ ಓರೆ. ಮಧ್ಯಾಹ್ನ ಮೂರಾದರೆ ಗಾಳಿ ಏಳುತ್ತದೆ. ಶಟಲ್ ಕಾಕ್ ತೂಕ ಬರೀ ಐದು ಗ್ರಾಂ. ಈ ಕಡೆಯಿಂದ ಹೊಡೆದದ್ದು ಆ ಕಡೆ ಹೋಗದೆ ಮೆಣಸಿನ ಬಳ್ಳಿಗೆ ಹೋಗಿ ಕೂರುತ್ತಿತ್ತು. ಬಂದವರು ಹತ್ತು ನಿಮಿಷ ಆಡಿ, ನಕ್ಕು, ಬ್ಯಾಟು ಹಿಡಿದು ಫೋಟೋ ತೆಗೆಸಿಕೊಂಡು ಒಳಗೆ ಹೋಗಿ ಪಕೋಡ ಕೇಳುತ್ತಿದ್ದರು. ಆಡಲು ಬರುವವರು ಬೇರೆ, ಫೋಟೋ ನೋಡಿ ಬರುವವರು ಬೇರೆ ಅಂತ ಗೊತ್ತಾದದ್ದು ಆಗಲೇ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಆಫೀಸ್ ಹುಡುಗರ ಒಂದು ಗುಂಪು ಬಂತು. "ಅಂಕಲ್, ಇದನ್ನ ಪಿಕಲ್‌ಬಾಲ್ ಮಾಡಿ" ಅಂದರು. ಉಪ್ಪಿನಕಾಯಿಗೂ ಆಟಕ್ಕೂ ಏನು ಸಂಬಂಧ ಅಂತ ಕೇಳಿದೆ. ಆ ಆಟ 1965ರಲ್ಲಿ ಅಮೆರಿಕದಲ್ಲಿ ಒಂದು ರಜಾ ಮನೆಯಲ್ಲಿ, ಹಳೇ ಶಟಲ್ ಕೋರ್ಟಿನಲ್ಲೇ ಹುಟ್ಟಿದ್ದಂತೆ. ಹಾಗಾಗಿ ಅಳತೆಯೂ ಅದೇ, 44 ಅಡಿಗೆ 20 ಅಡಿ. ಹೊಸ ಗೆರೆ ಎಳೆದು, ಐದಡಿ ಎತ್ತರದಲ್ಲಿದ್ದ ನೆಟ್ಟನ್ನು ನಡುವೆ 34 ಇಂಚಿಗೆ ಇಳಿಸಿದರೆ ಆಯಿತು. ತೂತು ತೂತಿನ ಪ್ಲಾಸ್ಟಿಕ್ ಬಾಲ್ 25 ಗ್ರಾಂ ಹತ್ತಿರ ತೂಗುತ್ತದೆ. ಗಾಳಿಗೆ ಅಲ್ಪಸ್ವಲ್ಪ ಓಲಾಡಿದರೂ ಬಳ್ಳಿಗೆ ಹಾರುವುದಿಲ್ಲ. ಬಣ್ಣಕ್ಕೂ ಟೇಪಿಗೂ ನಾಲ್ಕು ಸಾವಿರವೂ ಆಗಲಿಲ್ಲ. ಅಂದಿನಿಂದ ನಿಜವಾಗಿ ಆಟ ಶುರುವಾಯಿತು. ಅರವತ್ತು ದಾಟಿದವರೂ ಆಡುತ್ತಾರೆ, ಹತ್ತು ವರ್ಷದ ಮಕ್ಕಳೂ ಆಡುತ್ತಾರೆ.

ಆದರೆ ಸದ್ದು. ಟೊಕ್, ಟೊಕ್, ಟೊಕ್. ಗಟ್ಟಿ ಪ್ಯಾಡಲ್ಲಿಗೆ ಪ್ಲಾಸ್ಟಿಕ್ ಬಾಲ್ ಬಿದ್ದ ಸದ್ದು ಇಡೀ ಕಣಿವೆಗೆ ಕೇಳುತ್ತದೆ. ಮೌನ ಹುಡುಕಿಕೊಂಡು ಬಂದ ಒಂದು ದಂಪತಿ ಮೂರೇ ಸ್ಟಾರ್ ಕೊಟ್ಟು ಹೋದರು. ಅವರದ್ದು ತಪ್ಪಲ್ಲ, ಹಕ್ಕಿ ಕೂಗು ಕೇಳಬಹುದು ಅಂತ ಜಾಹೀರಾತಿನಲ್ಲಿ ಬರೆದವನು ನಾನೇ. ಈಗ ಬೆಳಿಗ್ಗೆ ಒಂಬತ್ತರ ಮುಂಚೆ, ಮಧ್ಯಾಹ್ನ ಊಟದ ಮೇಲೆ ಎರಡು ಗಂಟೆ, ರಾತ್ರಿ ಎಂಟರ ನಂತರ ಆಟ ಇಲ್ಲ. ಸುತ್ತ ಆನೆ ಇದೆ ಅಂತ ಅರಣ್ಯ ಇಲಾಖೆಯ ಮೆಸೇಜ್ ಬಂದ ದಿನ ಕತ್ತಲಾಗುವ ಮೊದಲೇ ಬಂದ್. ಹಾಸನ ಜಿಲ್ಲೆಯ ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ರಾತ್ರಿ ಒಂದು ಆನೆ ಬೇಲಿಯ ಮೂಲೆಗೆ ಒರಗಿಕೊಂಡು ಮುಂದೆ ಹೋಯಿತು. ಅದು ಅದರ ಹಳೇ ದಾರಿ. ರಿಪೇರಿಗೆ 18 ಸಾವಿರ.

ಮಳೆಗಾಲದ ವಿಷಯಕ್ಕೆ ಬರೋಣ, ನಮ್ಮ ಕಡೆಯವರು ಕಿವಿಗೊಟ್ಟು ಕೇಳಬೇಕಾದ್ದು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋರ್ಟ್ ಇದ್ದೂ ಇಲ್ಲದ ಹಾಗೆ. ನೀರು ನಿಲ್ಲಬಾರದು ಅಂತ ಹತ್ತಡಿಗೆ ಒಂದಿಂಚು ಇಳಿಜಾರು ಕೊಟ್ಟಿದ್ದಾರೆ, ಅದು ಸರಿಯಾಗಿಯೇ ಇದೆ. ಆದರೆ ಬಿಸಿಲೇ ಇಲ್ಲದ ಮೇಲೆ ಇಳಿಜಾರು ಏನು ಮಾಡೀತು? ಜುಲೈ ಹೊತ್ತಿಗೆ ನೀಲಿ ನೆಲ ಹಸಿರಾಗುತ್ತದೆ. ಮೊದಲ ವರ್ಷ ಒಬ್ಬರು ಮಳೆ ಬಿಟ್ಟ ಹತ್ತು ನಿಮಿಷಕ್ಕೆ ಆಡಲು ಇಳಿದು, ಪಾಚಿಗೆ ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ಒಳ್ಳೆಯವರು, ಜಗಳ ಮಾಡಲಿಲ್ಲ. ಆವತ್ತಿನಿಂದ ಮಳೆಗಾಲ ಪೂರ್ತಿ ಬೀಗ. ಹೋದ ಕಾಕ್ ಹುಡುಕಲು ಗಿಡದ ಬುಡಕ್ಕೆ ಹೋದವರ ಕಾಲಿಗೆ ಇಂಬಳ ಹತ್ತಿ, ರೂಮಿನ ಬಿಳಿ ಬೆಡ್‌ಶೀಟ್ ಕೆಂಪಾಗುವುದೂ ತಪ್ಪಿತು.

ಮಳೆ ನಿಂತ ಮೇಲೆ ಪ್ರೆಶರ್ ವಾಷರ್ ಹಿಡಿದು ಪಾಚಿ ತೆಗೆಸಬೇಕು. ಆಳು, ಬಾಡಿಗೆ ಸೇರಿ ವರ್ಷಕ್ಕೆ 12 ಸಾವಿರ. ಅದಕ್ಕಿಂತ ದೊಡ್ಡ ಪೆಟ್ಟು ಗುಳ್ಳೆಗಳದ್ದು. ಎರಡನೇ ಮಳೆಗಾಲ ಮುಗಿದಾಗ ನೆಲದ ಮೇಲೆ ಅಲ್ಲಲ್ಲಿ ಹಪ್ಪಳದ ಹಾಗೆ ಬಣ್ಣ ಉಬ್ಬಿತ್ತು. ಕೆಳಗಿನ ತೇವ ಮೇಲೆ ಬರಲು ದಾರಿ ಹುಡುಕುತ್ತದೆ, ಅಕ್ರಿಲಿಕ್ ಪದರ ತಡೆಯುತ್ತದೆ, ಆಗ ಗುಳ್ಳೆ ಏಳುತ್ತದೆ. ಕಾಂಕ್ರೀಟ್ ಹಾಕುವ ಮೊದಲು ಕೆಳಗೆ ದಪ್ಪ ಪಾಲಿಥೀನ್ ಹಾಳೆ ಹಾಸಬೇಕು. ಹಾಕಿದ ಮೇಲೆ 28 ದಿನ ಬಿಡಬೇಕು. ನಮ್ಮ ಕಂಟ್ರಾಕ್ಟರ್ ಹಾಳೆ ಹಾಸಲೇ ಇಲ್ಲ, ನಾನೂ ನಿಂತು ನೋಡಲಿಲ್ಲ. ದಿನದ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ಕ್ರಿಸ್ಮಸ್ ಬುಕಿಂಗ್ ಇದೆ ಅಂತ ಇಪ್ಪತ್ತನೇ ದಿನಕ್ಕೇ ಬಣ್ಣ ಹೊಡೆಸಿದೆ. ಗುಳ್ಳೆ ಕೆರೆದು, ತೇಪೆ ಹಾಕಿ, ಮೇಲೊಂದು ಪದರ ಕೊಡಲು 58 ಸಾವಿರ ಹೋಯಿತು. ಕ್ರಿಸ್ಮಸ್ ಬುಕಿಂಗ್‌ನಿಂದ ಉಳಿದದ್ದು ಅದರ ಅರ್ಧವೂ ಇರಲಿಕ್ಕಿಲ್ಲ.

ಇನ್ನು ಆದಾಯ. ಇಲ್ಲೇ ಎಲ್ಲರೂ ತಮಗೆ ತಾವೇ ಮೋಸ ಮಾಡಿಕೊಳ್ಳುವುದು. "ಕೋರ್ಟ್ ಹಾಕಿದ ಮೇಲೆ ಬುಕಿಂಗ್ ಜಾಸ್ತಿ ಆಯ್ತು" ಅನ್ನುತ್ತಾರೆ. ಯಾರ ಬುಕಿಂಗ್? ಶನಿವಾರ ನಮ್ಮ ನಾಲ್ಕೂ ರೂಮು ಮೊದಲೇ ತುಂಬುತ್ತಿದ್ದವು. ಶನಿವಾರ ಬಂದವರು ಕೋರ್ಟ್ ನೋಡಿಯೇ ಬಂದೆವು ಅಂದರೂ ಅದರಿಂದ ನನಗೆ ಒಂದು ರೂಪಾಯಿ ಹೆಚ್ಚಿಗೆ ಬರಲಿಲ್ಲ. ಅವರು ಬರದಿದ್ದರೆ ಇನ್ನೊಬ್ಬರು ಬರುತ್ತಿದ್ದರು. ಹಾಗಾಗಿ ಫೋನ್ ಮಾಡಿದವರನ್ನೆಲ್ಲ "ಏನು ನೋಡಿ ನಮ್ಮಲ್ಲಿಗೆ ಬರ್ತಿದ್ದೀರಿ?" ಅಂತ ಕೇಳಿ ಡೈರಿಯಲ್ಲಿ ಬರೆದಿಟ್ಟೆ. ಅದರಲ್ಲಿ ಖಾಲಿ ಹೋಗಬೇಕಾಗಿದ್ದ ದಿನ ಬಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಒಬ್ಬರು ಒಂದು ರಾತ್ರಿ ಉಳಿದರೆ ಒಂದು ಅಂತ ಎಣಿಸಿದರೆ 2023ರಲ್ಲಿ 38, ಪಿಕಲ್‌ಬಾಲ್ ಗೆರೆ ಬಿದ್ದ 2024ರಲ್ಲಿ 96, 2025ರಲ್ಲಿ ಇಲ್ಲಿಯವರೆಗೆ 120. ಒಟ್ಟು 254.

ನಮ್ಮದು ಊಟ ತಿಂಡಿ ಸೇರಿ ತಲೆಗೆ 2,500 ರೂಪಾಯಿ. ಅಡುಗೆ, ಆಳು, ಲಾಂಡ್ರಿ, ಬುಕಿಂಗ್ ಆ್ಯಪಿನ ಕಮಿಷನ್ ಕಳೆದರೆ ಕೈಗೆ ಉಳಿಯುವುದು ಸಾವಿರ. ಅಂದರೆ ಮೂರು ವರ್ಷಕ್ಕೆ 2.54 ಲಕ್ಷ. ಪಾಚಿ ತೆಗೆಸಿದ್ದು, ಗುಳ್ಳೆ, ಬೇಲಿ ಸೇರಿ 1.12 ಲಕ್ಷ ಹೋಯಿತು. ಉಳಿದದ್ದು 1.42 ಲಕ್ಷ. ಹಾಕಿದ 6.60 ಲಕ್ಷದಲ್ಲಿ ಐದರಲ್ಲೊಂದು ಪಾಲು ವಾಪಸ್ ಬಂದಿದೆ ಅನ್ನಿ. ಕರೆಂಟಿನದು ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. 200 ವ್ಯಾಟಿನ ಆರು ಎಲ್‌ಇಡಿ ಇದ್ದರೂ ಗಂಟೆಗೆ ಒಂದೂಕಾಲು ಯೂನಿಟ್ ಆಗುವುದಿಲ್ಲ. ಮೇ ತಿಂಗಳ ಮೊದಲ ಮಳೆಗೆ ಆ ಲೈಟಿಗೆ ಮುತ್ತುವ ಮಳೆಹುಳುಗಳ ರಾಶಿ ಗುಡಿಸುವುದೇ ದೊಡ್ಡ ಕೆಲಸ.

ಈಗಿನ ಓಟದಲ್ಲೇ ಹೋದರೆ ಹಾಕಿದ ದುಡ್ಡು ಹುಟ್ಟಲು ಇನ್ನೂ ಆರು ವರ್ಷ ಬೇಕು. ಅಷ್ಟರೊಳಗೆ ಇಡೀ ನೆಲಕ್ಕೆ ಮತ್ತೊಮ್ಮೆ ಬಣ್ಣ ಬೇಕಾಗುತ್ತದೆ. ಪಿಕಲ್‌ಬಾಲ್ ಹುಚ್ಚು ಅಲ್ಲಿಯವರೆಗೆ ಇರುತ್ತದೆಯೇ, ದೇವರೇ ಬಲ್ಲ.

ಈಗ ಕಣದ ಕಥೆ. ನಮ್ಮದು ಹೆಚ್ಚಾಗಿ ರೋಬಸ್ಟಾ ಕಾಫಿ. ಬಿಸಿಲು ಚೆನ್ನಾಗಿದ್ದರೂ ಚೆರ್ರಿ, ಅಂದರೆ ಇಡೀ ಕಾಫಿ ಹಣ್ಣು, ಒಣಗಲು ಹನ್ನೆರಡರಿಂದ ಹದಿನೈದು ದಿನ ಬೇಕು. ಒಂದು ಕಣ ಹೋದ ಮೇಲೆ ಹಿತ್ತಲಲ್ಲಿ ಟಾರ್ಪಾಲ್ ಮೇಲೆ ಹರವಿದೆವು. ಅಕಾಲದ ಮಳೆ ಬಂದಾಗ ರಾಶಿ ಮಾಡಿ ಮುಚ್ಚುವಷ್ಟರಲ್ಲಿ ಅಡಿಯಲ್ಲಿ ನೀರು ನುಗ್ಗಿತು. ಹತ್ತು ಮೂಟೆ ಬೂಸ್ಟು ಹಿಡಿದು ಕಡಿಮೆ ರೇಟಿಗೆ ಹೋಯಿತು. 2024ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಆ ಹೊಟ್ಟೆಯುರಿ ಇನ್ನೂ ಜಾಸ್ತಿಯಾಯಿತು. ಒಮ್ಮೆ ತಡೆಯಲಾರದೆ ಕೋರ್ಟಿನ ಮೇಲೆಯೇ ಹಣ್ಣು ಸುರಿದೆ. ಹಣ್ಣಿನ ರಸದ ಕಲೆ ನೀಲಿ ಬಣ್ಣದ ಮೇಲೆ ಇವತ್ತಿಗೂ ಇದೆ. ಅವ್ವ ಜಗುಲಿಯಲ್ಲಿ ಕೂತು ನೋಡುತ್ತಿದ್ದವಳು, "ಕಣದಾಗೆ ಕಾಫಿ ಒಣಗ್ಸದು ಬಿಟ್ಟು ದುಡ್ಡು ಒಣಗ್ಸಕ್ಕೆ ಹಾಕ್ದೆ" ಅಂದಳು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಅಂದ ಹಾಗೆ, ಮಳೆಗಾಲದಲ್ಲಿ ಹುಡುಗರು ಸುಮ್ನೆ ಕೂರುತ್ತಾರಲ್ಲ ಅಂತ ಕಾರ್ ಶೆಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟೇಬಲ್ ಟೆನ್ನಿಸ್ ಮೇಜು, ಒಂದು ಕೇರಂ ಬೋರ್ಡ್ ಇಟ್ಟೆ. ಎರಡೂ ಸೇರಿ 19 ಸಾವಿರ. ವರ್ಷದ ಹನ್ನೆರಡೂ ತಿಂಗಳು ಅಲ್ಲಿ ಜನ. "ಮಳೇಲೂ ಟೈಮ್‌ಪಾಸ್ ಆಯ್ತು" ಅಂತ ಮೂರು ಆಫೀಸ್ ಗುಂಪುಗಳು ಮತ್ತೆ ಜುಲೈಗೇ ಬಂದವು. ಫೋಟೋದಲ್ಲಿ ಮಾತ್ರ ಅದು ಕಾರ್ ಶೆಡ್ಡೇ.

ಹಾಗಾದರೆ ನೀವು ಹಾಕಿಸಬೇಕೇ? ವಾರದ ನಡುವೆ ರೂಮು ಖಾಲಿ ಇದ್ದು, ಆಫೀಸ್ ಗುಂಪುಗಳು ನಿಮ್ಮಲ್ಲಿಗೆ ಈಗಾಗಲೇ ಬರುತ್ತಿದ್ದರೆ ಯೋಚಿಸಬಹುದು. ಆಗಲೂ ಮೊದಲು ಹೀಗೆ ಮಾಡಿ. ಇರುವ ಸಿಮೆಂಟ್ ಕಣದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಎತ್ತಿಡುವಂಥ ನೆಟ್, ನಾಲ್ಕು ಪ್ಯಾಡಲ್ ತನ್ನಿ. ಮಾರ್ಚ್‌ನಿಂದ ಮೇವರೆಗೆ ನಡೆಸಿ, ಯಾರು ಅದಕ್ಕೇ ಬಂದರು ಅಂತ ಬರೆದಿಡಿ. ಹತ್ತು ಹದಿನೈದು ಸಾವಿರದಲ್ಲಿ ನನಗೆ ಗೊತ್ತಾಗಬಹುದಾಗಿದ್ದ ವಿಷಯಕ್ಕೆ ನಾನು ಆರೂವರೆ ಲಕ್ಷ ಫೀಸು ಕಟ್ಟಿದೆ. ಕಣ ನನ್ನ ಕಣ್ಣ ಮುಂದೆಯೇ ಇತ್ತು, ಅಲ್ವಾ?

ಸ್ಟಾರ್ ಕೊಡಲೇಬೇಕು ಅಂದರೆ, ಆಡುವವರ ಕಡೆಯಿಂದ ನಾಲ್ಕು, ಕಟ್ಟಿಸಿದವನ ಕಡೆಯಿಂದ ಎರಡು.

ಮುಂದಿನ ಸಲ ಬಣ್ಣ ಎದ್ದಾಗ ಮತ್ತೆ ಹೊಡೆಸುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಇರುವ ಅಕ್ರಿಲಿಕ್ ಕೆರೆಸಿ, ಬರೀ ಕಾಂಕ್ರೀಟ್, ಮೇಲೆ ಬಿಳಿ ಗೆರೆ, ಕಳಚಿಡುವ ನೆಟ್. ಕಾಫಿ ಕುಯ್ಲಿನಲ್ಲಿ ಕಣ, ಕುಯ್ಲು ಮುಗಿದ ಮೇಲೆ ಕೋರ್ಟ್. ಅವ್ವನಿಗೂ ಹೇಳಿದೆ. ಸ್ವಲ್ಪ ಹೊತ್ತು ಬೇಲಿ ಕಡೆ ನೋಡಿ, "ಆ ಬಾಗ್ಲು ಅಗಲ ಮಾಡ್ಸು, ಟ್ರ್ಯಾಕ್ಟ್ರು ಒಳಿಕ್ಕೆ ಬರ್ಬೇಕಲ್ಲ" ಅಂದಳು.