ಗಾಲ್ಫ್ ಗೊತ್ತಿಲ್ಲದ ಅಪ್ಪನ ಜೊತೆ ಪೆಬಲ್ ಬೀಚ್ ಪ್ರೋ-ಆಮ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಗಾಲ್ಫ್ ಆಡಲು ಬರುವುದಿಲ್ಲ. ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸುವವಳು ನಾನು. ಆದರೂ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರೋ-ಆಮ್ ಎಂಬ ಗಾಲ್ಫ್ ಟೂರ್ನಿಗೆ ಎರಡು ಸಲ ಹೋಗಿ ಬಂದಿದ್ದೇನೆ. 2023ರಲ್ಲಿ ಒಮ್ಮೆ, 2025ರಲ್ಲಿ ಒಮ್ಮೆ. ಹೆಸರು ಅದೇ, ಜಾಗ ಅದೇ. ಆದರೆ ನೋಡಲು ಹೋದವರಿಗೆ ಎರಡೂ ಬೇರೆ ಬೇರೆ ಟೂರ್ನಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ನಮ್ಮ ಕನ್ನಡದವರು ಆಗಾಗ ಕೇಳುತ್ತಿರುತ್ತಾರೆ, "ಆಟ ಗೊತ್ತಿಲ್ಲದೆ ಹೋದ್ರೆ ಬೋರ್ ಆಗಲ್ವಾ?" ಎಂದು. ಅವರಿಗಾಗಿ ಬರೆಯುತ್ತಿದ್ದೇನೆ.

2023ರ ಟಿಕೆಟ್ ಪುಕ್ಕಟೆ ಸಿಕ್ಕಿದ್ದು. ಆಫೀಸಿನ ಗೆಳತಿಗೆ ಜ್ವರ ಬಂತು, ಅವಳ ಟಿಕೆಟ್ ನಮಗೆ ಬಂತು. ಆಗ ಅಪ್ಪ ಬೆಂಗಳೂರಿನಿಂದ ಬಂದಿದ್ದರು. ಎಪ್ಪತ್ತೊಂದು ವರ್ಷ, ಮಂಡಿ ನೋವು, ಕ್ರಿಕೆಟ್ ಹುಚ್ಚು. ಅಪ್ಪ ಹುಟ್ಟಿ ಬೆಳೆದದ್ದು ಶೇಷಾದ್ರಿಪುರದಲ್ಲಿ. ಹತ್ತಿರದಲ್ಲೇ ಸ್ಯಾಂಕಿ ರಸ್ತೆಯಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್. 1876ರಿಂದ ಇರುವ ಕ್ಲಬ್ ಅದು. ಅಪ್ಪ ಅದರೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಹುಡುಗರಾಗಿದ್ದಾಗ ಆಚೆ ಬಂದು ಬಿದ್ದ ಚೆಂಡು ಹೆಕ್ಕಿ ವಾಪಸ್ ಕೊಟ್ಟರೆ ನಾಲ್ಕಾಣೆ ಸಿಗುತ್ತಿತ್ತಂತೆ. ಅವರ ಗಾಲ್ಫ್ ಜ್ಞಾನ ಅಷ್ಟು. ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ಆಡಿದ್ದನ್ನು ಬೆಳಗಿನ ಜಾವ ಎದ್ದು ನೋಡಿದ್ದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಆ ಹೊಟ್ಟೆಯುರಿ ಅವರಿಗೆ ಇನ್ನೂ ಇದೆ.

ಸ್ಯಾನ್ ಹೋಸೆಯಿಂದ ಒಂದೂವರೆ ಗಂಟೆ ದಾರಿ. ಕಾರನ್ನು ದೂರದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಹೋಗಬೇಕು. ನಾವು ಕಾರಿನಲ್ಲೇ ಕೂತು ಪುಳಿಯೋಗರೆ ಡಬ್ಬಿ ಖಾಲಿ ಮಾಡಿ ಬಸ್ ಹತ್ತಿದೆವು. ಅದು ಆ ದಿನದ ಅತ್ಯಂತ ಬುದ್ಧಿವಂತ ಕೆಲಸ. ಒಳಗೆ ಒಂದು ಸ್ಟಾಲ್‌ನಲ್ಲಿ ಮಗನಿಗೆ ಫ್ರೆಂಚ್ ಫ್ರೈಸ್ ಕೊಡಿಸಿದೆ. ಇಪ್ಪತ್ತು ನಿಮಿಷ ಸಾಲು ನಿಂತು ಸಿಕ್ಕಿದ್ದು ತಣ್ಣಗಿದ್ದ, ಮೆತ್ತಗಾದ ಆಲೂಗಡ್ಡೆ. ಊಟದ ಬಗ್ಗೆ ಇಷ್ಟು ಸಾಕು.

ಇನ್ನು ಆಟ. ಪ್ರೋ-ಆಮ್ ಎಂದರೆ ಒಬ್ಬ ವೃತ್ತಿಪರ ಆಟಗಾರ, ಒಬ್ಬ ಹವ್ಯಾಸಿ, ಇಬ್ಬರದೂ ಒಂದು ಜೋಡಿ. ಹವ್ಯಾಸಿ ಸಿನಿಮಾ ನಟ ಇರಬಹುದು, ನಿವೃತ್ತ ಫುಟ್‌ಬಾಲ್ ಆಟಗಾರ ಇರಬಹುದು, ದೊಡ್ಡ ಕಂಪನಿಯ ಯಜಮಾನ ಇರಬಹುದು. ಒಂದೊಂದು ಹೋಲ್‌ನಲ್ಲೂ, ಅಂದರೆ ಹೊಡೆಯುವ ಜಾಗದಿಂದ ಗುಂಡಿವರೆಗಿನ ಒಂದೊಂದು ಹಂತದಲ್ಲೂ, ಇಬ್ಬರ ಪೈಕಿ ಯಾರ ಹೊಡೆತದ ಲೆಕ್ಕ ಕಡಿಮೆಯೋ ಅದು ಜೋಡಿಯ ಲೆಕ್ಕ. ಕಡಿಮೆ ಹೊಡೆತದವರೇ ಗೆದ್ದಂತೆ. ಹವ್ಯಾಸಿಗೆ ಹ್ಯಾಂಡಿಕ್ಯಾಪ್ ಎಂದು ಒಂದಷ್ಟು ಹೊಡೆತ ಮಾಫಿ. ಅಪ್ಪನಿಗೆ ಇದನ್ನು ಅರ್ಥ ಮಾಡಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. "ಓ, ಬೀದಿ ಕ್ರಿಕೆಟ್ಟಲ್ಲಿ ಚಿಕ್ಕ ಹುಡುಗರಿಗೆ ಎರಡು ಸಲ ಔಟ್ ಆಗಕ್ಕೆ ಬಿಡ್ತಿದ್ವಲ್ಲ, ಹಾಗೆ" ಎಂದರು. ಹಾಗೇ. ವೃತ್ತಿಪರರ ಸ್ವಂತ ಲೆಕ್ಕ ಬೇರೆ ನಡೆಯುತ್ತಿರುತ್ತದೆ. ದೊಡ್ಡ ಬಹುಮಾನ ಇರುವುದು ಅದಕ್ಕೆ.

ಇದನ್ನು ಶುರು ಮಾಡಿದ್ದು ಗಾಯಕ, ನಟ ಬಿಂಗ್ ಕ್ರಾಸ್ಬಿ. 1937ರಲ್ಲಿ, ಕ್ಯಾಲಿಫೋರ್ನಿಯಾದ ದಕ್ಷಿಣದ ರಾಂಚೊ ಸಾಂಟಾ ಫೆಯಲ್ಲಿ. ಮೊದಲ ವರ್ಷವೇ ಮಳೆ ಹೊಡೆದು ಆಟ 18 ಹೋಲ್‌ಗೆ, ಅಂದರೆ ಒಂದೇ ಸುತ್ತಿಗೆ ಇಳಿಯಿತು. ಸ್ಯಾಮ್ ಸ್ನೀಡ್ ಗೆದ್ದ. 1947ರಲ್ಲಿ ಪೆಬಲ್ ಬೀಚ್‌ಗೆ ಬಂತು, ಮಳೆಯೂ ಹಿಂದೆಯೇ ಬಂತು. 1962ರಲ್ಲಂತೂ ಹಿಮವೇ ಬಿತ್ತು. ಇಲ್ಲಿ ಗಾಳಿ ಮಳೆ ಜೋರಾದರೆ ಹಳಬರು ಇವತ್ತಿಗೂ "ಕ್ರಾಸ್ಬಿ ಹವೆ" ಎನ್ನುತ್ತಾರೆ. ತಮಾಷೆಗೆ ಹೇಳುತ್ತಿಲ್ಲ, 2023ರ ಶನಿವಾರ ಗಾಳಿಗೆ ಗ್ರೀನ್, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ನಿಲ್ಲಿಸಿದ ಚೆಂಡೇ ಉರುಳತೊಡಗಿ ಆಟ ನಿಲ್ಲಿಸಿದರು. ಭಾನುವಾರ ಮುಗಿಯಬೇಕಾದದ್ದು ಸೋಮವಾರ ಮುಗಿಯಿತು. ನಾವು ಹೋದದ್ದು ಗುರುವಾರ. ಬಿಸಿಲಿತ್ತು, ಚಳಿಯೂ ಇತ್ತು. ಅಪ್ಪ ಸ್ವೆಟರ್, ಮೇಲೆ ಮಂಕಿ ಕ್ಯಾಪ್.

ಗೇಟಿನೊಳಗೆ ಹೋದ ಕೂಡಲೇ ಮಗನ ಮುಖ ಬಾಡಿತು. ಅವನಿಗೆ ಬೇಕಾದದ್ದು ಗ್ಯಾರೆತ್ ಬೇಲ್. ಫುಟ್‌ಬಾಲ್‌ಗೆ ವಿದಾಯ ಹೇಳಿ ಒಂದು ತಿಂಗಳೂ ಆಗಿರಲಿಲ್ಲ, ಆಗಲೇ ಇಲ್ಲಿ ಗಾಲ್ಫ್ ಆಡಲು ಬಂದಿದ್ದ. ಆದರೆ ಆಗ ಆಟ ನಡೆಯುತ್ತಿದ್ದುದು ಮೂರು ಕೋರ್ಸ್‌ಗಳಲ್ಲಿ, ಅಂದರೆ ಮೂರು ಗಾಲ್ಫ್ ಮೈದಾನಗಳಲ್ಲಿ. 156 ಜೋಡಿಗಳು, ದಿನಕ್ಕೊಂದು ಕೋರ್ಸ್ ಬದಲಿಸುತ್ತಾ ಆಡುತ್ತಾರೆ. ನಾವಿದ್ದದ್ದು ಪೆಬಲ್ ಬೀಚ್ ಕೋರ್ಸ್, ಬೇಲ್ ಅವತ್ತು ಬೇರೆ ಕಡೆ. ಹಿಂದಿನ ದಿನ ಯಾರು ಎಲ್ಲಿ ಎಂದು ಪಟ್ಟಿ ನೋಡದೆ ಹೊರಟದ್ದು ನನ್ನದೇ ತಪ್ಪು. ನೀವು ಆ ತಪ್ಪು ಮಾಡಬೇಡಿ. ಮದುವೆ ಒಂದು ಛತ್ರದಲ್ಲಿ, ನಾವು ಹೋದದ್ದು ಇನ್ನೊಂದು ಛತ್ರಕ್ಕೆ ಎಂಬಂತಾಗುತ್ತದೆ.

ಏಳನೇ ಹೋಲ್‌ವರೆಗೆ ನಡೆದು ಹೋಗಿ ಅಲ್ಲೇ ಕೂತುಬಿಡಿ ಎಂದು ಗೆಳತಿ ಹೇಳಿದ್ದಳು. ಆರನೇ ಹೋಲ್ ಪಕ್ಕದ ಏರು ಹತ್ತುವಾಗ ಅಪ್ಪ ಮೂರು ಸಲ ನಿಂತರು. ಹತ್ತಿದ ಮೇಲೆ ಮಾತೇ ನಿಂತಿತು. ಮೇಲೆ ನಿಂತು ಹೊಡೆಯಬೇಕು, ಕೆಳಗೆ ಪುಟಾಣಿ ಗ್ರೀನ್, ಸುತ್ತ ಮರಳಿನ ಗುಂಡಿಗಳು, ಅದರಾಚೆ ಬಂಡೆ, ಬಂಡೆಗೆ ಬಡಿಯುವ ಸಮುದ್ರ. ದೂರ ಎಷ್ಟು ಗೊತ್ತಾ? 110 ಗಜವೂ ಇಲ್ಲ. ಕ್ರಿಕೆಟ್ ಪಿಚ್ ಐದನ್ನು ಸಾಲಾಗಿ ಇಟ್ಟಷ್ಟು. ಅಪ್ಪ ನಕ್ಕುಬಿಟ್ಟರು. "ಬೌಲರ್ ಇಲ್ಲ, ಚೆಂಡು ಸುಮ್ನೆ ಕೂತಿದೆ, ಗುಂಡಿ ಕಣ್ಣಿಗೇ ಕಾಣ್ತಿದೆ. ಇಷ್ಟು ಯೋಚನೆ ಮಾಡೋದೇನಿದೆ ಇದ್ರಲ್ಲಿ? ಸಾಹುಕಾರರ ಗೋಲಿ ಆಟ ಅಷ್ಟೇ ಇದು."

ಅರ್ಧ ಗಂಟೆ ಕೂತ ಮೇಲೆ ಅವರಿಗೇ ಗೊತ್ತಾಯಿತು. ವೃತ್ತಿಪರ ಆಟಗಾರ ಮೊದಲು ಒಂದು ಚಿಟಿಕೆ ಹುಲ್ಲು ಕಿತ್ತು ಮೇಲಕ್ಕೆ ಬಿಡುತ್ತಾನೆ. ಅದು ಎತ್ತ ಹಾರಿತೆಂದು ನೋಡುತ್ತಾನೆ. ಕೈಯಲ್ಲಿದ್ದ ಕ್ಲಬ್, ಅಂದರೆ ಗಾಲ್ಫ್ ಕೋಲು, ವಾಪಸ್ ಇಟ್ಟು ಬೇರೆ ತೆಗೆಯುತ್ತಾನೆ. ಮತ್ತೆ ಹುಲ್ಲು. ಕೊನೆಗೆ ಹೊಡೆದ ಚೆಂಡು ಸಮುದ್ರದ ಕಡೆ ಹೋದಂತೆ ಕಂಡು, ಗಾಳಿಗೆ ವಾಲಿ, ಗ್ರೀನ್ ಮೇಲೆ ಬಂದು ಕೂರುತ್ತದೆ. ಅವನ ಹಿಂದೆಯೇ ಹವ್ಯಾಸಿ ಬರುತ್ತಾನೆ. ಕಾಲು ಅಲುಗಿಸುತ್ತಾನೆ, ನಗುತ್ತಾನೆ, ನಮ್ಮ ಕಡೆ ನೋಡುತ್ತಾನೆ, ಹೊಡೆಯುತ್ತಾನೆ, ಮರಳಿಗೆ ಹಾಕುತ್ತಾನೆ. ಒಂದೇ ಜಾಗ, ಒಂದೇ ಗಾಳಿ, ಒಂದು ನಿಮಿಷದ ಅಂತರ. ಆ ವೃತ್ತಿಪರ ಎಷ್ಟು ಒಳ್ಳೆಯ ಆಟಗಾರ ಎಂದು ಟಿವಿಯಲ್ಲಿ ಯಾವತ್ತೂ ಗೊತ್ತಾಗಿರಲಿಲ್ಲ. ಇಲ್ಲಿ ಗೊತ್ತಾಗುತ್ತದೆ. ನನ್ನ ಪ್ರಕಾರ ಪ್ರೋ-ಆಮ್ ಟಿಕೆಟ್‌ಗೆ ಕೊಡುವ ದುಡ್ಡು ಇದಕ್ಕೆ, ನಟರ ಮುಖಕ್ಕಲ್ಲ.

ಈಗ ನಮ್ಮ ಮರ್ಯಾದೆ ಹೋದ ಕಥೆ. ಮಧ್ಯಾಹ್ನ ಒಂದು ಗಂಟೆ. ಟಿವಿಯಲ್ಲಿ ನೋಡಿದ್ದ ಒಂದು ಮುಖ ಬಂತು, ಹೆಸರು ಬೇಡ. ಸ್ವಯಂಸೇವಕರು ಕೈ ಎತ್ತಿದರು, ಎಲ್ಲರೂ ಗಪ್‌ಚುಪ್. ಅವನು ಕ್ಲಬ್ ಹಿಂದಕ್ಕೆ ಎತ್ತಿದ. ಆಗಲೇ ಅಪ್ಪನ ಬಿಪಿ ಮಾತ್ರೆಯ ಅಲಾರಂ ಕೂಗಿತು. ಅಪ್ಪನ ಅಲಾರಂ ಎಂದರೆ ಕೋಳಿ ಕೂಗು, ಫುಲ್ ವಾಲ್ಯೂಮ್. ರಿಂಗ್ ಸೈಲೆಂಟ್ ಮಾಡಿಸಿದ್ದೆ, ಅಲಾರಂ ನೆನಪಿರಲಿಲ್ಲ. ಚೆಂಡು ಬಂಡೆಗೆ ಬಡಿದು ಎಲ್ಲೋ ಹೋಯಿತು. ಸ್ವೆಟರ್ ಒಳಗಿನ ಅಂಗಿ ಜೇಬಿನಿಂದ ಫೋನ್ ತೆಗೆಯುವಷ್ಟರಲ್ಲಿ ಕೋಳಿ ಇನ್ನೂ ಮೂರು ಸಲ ಕೂಗಿತು. ನಾನು ನೆಲ ನೋಡುತ್ತಾ ನಿಂತೆ. ಆ ಮನುಷ್ಯ ಸುತ್ತ ಹುಡುಕಿ, ಮಂಕಿ ಕ್ಯಾಪ್ ನೋಡಿ, "ಈ ಊರಲ್ಲಿ ಕೋಳಿ ಏಳೋದು ತುಂಬಾ ಲೇಟು" ಎಂಬರ್ಥದ ಮಾತು ಹೇಳಿದ. ಎಲ್ಲರೂ ನಕ್ಕರು. ವೃತ್ತಿಪರರು ಮಾತ್ರ ಆಡುವ ಟೂರ್ನಿಯಲ್ಲಿ ಇದಾಗಿದ್ದರೆ ನಮ್ಮನ್ನು ನಗುತ್ತಾ ಬಿಡುತ್ತಿದ್ದರು ಎನಿಸುವುದಿಲ್ಲ. ಅಪ್ಪ ಮಾತ್ರ ಶಾಂತವಾಗಿ ಮಾತ್ರೆ ನುಂಗಿ, "ಕೋಳಿ ಕೂಗದಿದ್ರೂ ಅವನು ಅಲ್ಲಿಗೇ ಹೊಡೀತಿದ್ದ ಬಿಡಮ್ಮ" ಎಂದರು.

ಸುಳ್ಳೇನಲ್ಲ. ಜ್ಯಾಕ್ ಲೆಮನ್ ಎಂಬ ದೊಡ್ಡ ನಟ ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಆಡಿದ, ಭಾನುವಾರದ ಆಟಕ್ಕೆ ಒಂದು ಸಲವೂ ಅರ್ಹತೆ ಸಿಗಲಿಲ್ಲ. ಅಂಥವನ ಹೆಸರಿನಲ್ಲೇ ಆಮೇಲೆ ಪ್ರಶಸ್ತಿ ಇಟ್ಟರು, ಜೋಡಿಗೆ ಜಾಸ್ತಿ ನೆರವಾದ ಹವ್ಯಾಸಿಗೆ.

ಎರಡು ಗಂಟೆ ಹೊತ್ತಿಗೆ ಅಪ್ಪನಿಗೆ ಗಾಲ್ಫ್ ಸಾಕಾಯಿತು. ಆಟ ನಿಧಾನ, ಒಂದು ಗುಂಪು ಮುಗಿಸಲು ಐದಾರು ಗಂಟೆ ಬೇಕು. ಅವರು ಬೆನ್ನು ತಿರುಗಿಸಿ ಸಮುದ್ರ ನೋಡುತ್ತಾ ಕೂತರು. ಕಡಲಪಾಚಿಯ ನಡುವೆ ಒಂದು ನೀರುನಾಯಿ ಅಂಗಾತ ಮಲಗಿತ್ತು. ಎದೆ ಮೇಲೆ ಏನೋ ಚಿಪ್ಪು ಇಟ್ಟುಕೊಂಡು ಟಕ್ ಟಕ್ ಎಂದು ಕುಟ್ಟುತ್ತಿತ್ತು, ತಿನ್ನುತ್ತಿತ್ತು, ಒಂದು ಸುತ್ತು ಹೊರಳಿ ಎದೆ ತೊಳೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಲಕ್ಷಾಂತರ ಡಾಲರ್ ಆಟ. ಅಪ್ಪ ಮತ್ತು ಮಗ ಮುಕ್ಕಾಲು ಗಂಟೆ ಅದನ್ನೇ ನೋಡಿದರು. ಬೇಲ್ ಸಿಗದ ಬೇಜಾರೂ ಹೋಯಿತು.

2025ಕ್ಕೆ ಬರೋಣ. ಈ ಸಲ ಟಿಕೆಟ್ ನಾನೇ ಕೊಂಡೆ, ಹೋದದ್ದು ನಾನು ಮತ್ತು ಮಗ. 2024ರಿಂದ ಟೂರ್ನಿಯ ಸ್ವರೂಪವೇ ಬದಲಾಗಿದೆ. ವೃತ್ತಿಪರರು 80 ಜನ, ಬಹುಮಾನದ ಮೊತ್ತ 2 ಕೋಟಿ ಡಾಲರ್. 2023ರಲ್ಲಿ ಅದು 90 ಲಕ್ಷ ಇತ್ತು. ಕೋರ್ಸ್ ಎರಡೇ, ಪೆಬಲ್ ಬೀಚ್ ಮತ್ತು ಸ್ಪೈಗ್ಲಾಸ್ ಹಿಲ್. ಹವ್ಯಾಸಿಗಳು ಆಡುವುದು ಗುರುವಾರ ಶುಕ್ರವಾರ ಮಾತ್ರ. ಶನಿವಾರ ಭಾನುವಾರ ಹೋದರೆ "ಪ್ರೋ" ಇದೆ, "ಆಮ್" ಇಲ್ಲ. ಗಾಲ್ಫ್ ಬಲ್ಲವರಿಗೆ ಇದು ಹಬ್ಬ, ಏಕೆಂದರೆ ಮೊದಲು ಬಾರದಿದ್ದ ದೊಡ್ಡ ಆಟಗಾರರೆಲ್ಲ ಈಗ ಬರುತ್ತಾರೆ. ನನ್ನಂಥವರಿಗೆ? ನಟರು, ಗಾಯಕರು ಕಮ್ಮಿಯಾಗಿದ್ದಾರೆ. ನಾನು ನೋಡಿದ ಹವ್ಯಾಸಿಗಳಲ್ಲಿ ಸುಮಾರು ಜನರ ಗುರುತೇ ಸಿಗಲಿಲ್ಲ, ಎಲ್ಲರೂ ನಮ್ಮ ಆಫೀಸಿನ ಬಾಸ್‌ಗಳ ಹಾಗೇ ಕಂಡರು. ನಗಿಸುವವರೂ ಇರಲಿಲ್ಲ. ಏಳನೇ ಹೋಲ್ ಅದೇ, ಗಾಳಿ ಅದೇ, ಆದರೆ ನೋಡುವವರಲ್ಲಿ ಒಂದು ಬಿಗಿ. ಶಿಸ್ತಿನ ಕಚೇರಿಗೆ ಬಂದಂತೆ.

ಹೋಗಲೇಬೇಡಿ ಎನ್ನುತ್ತಿಲ್ಲ. ಆ ಜಾಗಕ್ಕೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಮೊದಲ ಸಲದ ಮಜಾಕ್ಕೆ ಒಂಬತ್ತು, ಎರಡನೆಯದಕ್ಕೆ ಆರು. ಟಿಕೆಟ್ ಕೊಳ್ಳುವುದಾದರೆ ಗುರುವಾರ ಅಥವಾ ಶುಕ್ರವಾರದ್ದು ಕೊಳ್ಳಿ. ಭಾನುವಾರದ್ದನ್ನು ನಂಬಬೇಡಿ. 2024ರಲ್ಲಿ ಶನಿವಾರ ವಿಂಡಮ್ ಕ್ಲಾರ್ಕ್ 18 ಹೋಲ್‌ಗಳ ಸುತ್ತನ್ನು 60 ಹೊಡೆತದಲ್ಲಿ ಮುಗಿಸಿ ಪೆಬಲ್ ಬೀಚ್‌ನ ದಾಖಲೆ ಮಾಡಿದ, ಭಾನುವಾರ ಬಿರುಗಾಳಿ ಬಂದು ಆಟವೇ ನಡೆಯಲಿಲ್ಲ, ಅವನನ್ನೇ ವಿಜೇತ ಎಂದು ಘೋಷಿಸಿದರು. ಒಳ್ಳೆಯ ನಡಿಗೆಯ ಶೂ, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಮಂಡಿ ನೋವಿನವರನ್ನು ಆರನೇ ಹೋಲ್ ಏರು ಹತ್ತಿಸಬೇಡಿ, ಹದಿನೆಂಟನೆಯದರ ಹತ್ತಿರ ಕೂರಿಸಿ, ಅಲ್ಲೂ ಉದ್ದಕ್ಕೂ ಸಮುದ್ರವೇ. ಮೂರು ಗಂಟೆಗೆಲ್ಲ ಹೊರಟರೆ ವಾಪಸ್ ಬಸ್ಸಿನ ಸಾಲು ಚಿಕ್ಕದು.

ಹಾಂ, ನಾವು ಹೋದದ್ದು ಶುಕ್ರವಾರ. ಹಿಂದಿನ ದಿನವಷ್ಟೇ ಸ್ಪೈಗ್ಲಾಸ್‌ನ ಹದಿನೈದನೇ ಹೋಲ್‌ನಲ್ಲಿ ರೋರಿ ಮ್ಯಾಕಿಲ್‌ರಾಯ್ ಒಂದೇ ಹೊಡೆತಕ್ಕೆ ಚೆಂಡು ಗುಂಡಿಗೆ ಹಾಕಿದ್ದ. ಭಾನುವಾರ ಟೂರ್ನಿ ಗೆದ್ದದ್ದೂ ಅವನೇ. ಒಂದು ದಿನ ಮೊದಲು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಮಗ ಈಗಲೂ ಕೇಳುತ್ತಾನೆ. ಅಪ್ಪನಿಗೆ ಬೆಂಗಳೂರಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ನೀರುನಾಯಿ ಕಂಡಿತಾ ಎಂದು ವಿಚಾರಿಸಿದರು. ಎರಡಿದ್ದವು ಎಂದೆ.