‘ಸರಿಯುತ್ತರ: 3’ ಎಂದರೆ ಸಾಲದು: ಟಿಇಟಿ ಪ್ರಶ್ನೆಪತ್ರಿಕೆಗಳ ಸಂಪುಟದೊಂದಿಗೆ ಎರಡು ಮಳೆಗಾಲ

ಮುಖಪುಟದಲ್ಲಿ ‘ವಿವರಣೆ ಸಹಿತ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಒಳಗೆ ‘ಸರಿಯುತ್ತರ: 3’ ಎಂದಷ್ಟೇ ಕೊಟ್ಟು ಕೈತೊಳೆದುಕೊಳ್ಳುವ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪುಸ್ತಕಕ್ಕೆ ಎಷ್ಟು ನಕ್ಷತ್ರ ಕೊಡಬೇಕು? ಮೊದಲ ಮಳೆಗಾಲದಲ್ಲಿ ಬರೆದಿದ್ದರೆ ಒಂದೇ ಒಂದು ಕೊಡುತ್ತಿದ್ದೆ. ಈಗ ಮೂರು ಕೊಡುತ್ತಿದ್ದೇನೆ. ಹೆಚ್ಚಾದ ಎರಡು ಹೇಗೆ ಬಂದವು ಎಂಬುದನ್ನು ಮುಂದೆ ಹೇಳುತ್ತೇನೆ. ಪ್ರಕಾಶಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ತಿರುವಿ ನೋಡಿದ ಇಂಥ ಬೇರೆ ಸಂಪುಟಗಳಲ್ಲೂ ಇದೇ ಕೊರತೆ ಕಂಡಿತು.

ನಾನು ಸುರತ್ಕಲ್ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಟೀಚರ್. ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ. ಮುಗಿಸಿದ್ದೇನೆ. ಒಂದರಿಂದ ಐದನೆಯ ತರಗತಿಯವರೆಗೆ ಕಲಿಸುವ ಅರ್ಹತೆ ಬೇಕೆಂದು ಕರ್ನಾಟಕ ಟಿಇಟಿಯ ಮೊದಲ ಪತ್ರಿಕೆಗೆ ಕುಳಿತೆ. ಪೂರ್ವ ಪ್ರಾಥಮಿಕ ಶಿಕ್ಷಕಿಯ ಸಂಬಳದಲ್ಲಿ ಕೋಚಿಂಗ್ ಶುಲ್ಕ ಕಟ್ಟುವ ಮಾತೇ ಇರಲಿಲ್ಲ. ಆದ್ದರಿಂದ ನನ್ನ ಇಡೀ ಸಿದ್ಧತೆ ನಿಂತದ್ದು ಈ ಒಂದು ಪುಸ್ತಕದ ಮೇಲೆ, ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಕೀ ಉತ್ತರಗಳ ಮೇಲೆ ಮತ್ತು ವೃತ್ತ ತುಂಬಿ ಉತ್ತರಿಸುವ ಒಂದಿಷ್ಟು ಒಎಂಆರ್ ಅಭ್ಯಾಸ ಹಾಳೆಗಳ ಮೇಲೆ.

150 ಪ್ರಶ್ನೆ, 150 ನಿಮಿಷ, ಐದು ಭಾಗ, ಪ್ರತಿ ಭಾಗಕ್ಕೆ 30 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಈ ಲೆಕ್ಕ ನನ್ನ ರಾತ್ರಿಗಳನ್ನು ಅಚ್ಚುಕಟ್ಟಾಗಿ ಹೊಂದಿಸಿಕೊಟ್ಟಿತು. ಊಟವಾದ ಮೇಲೆ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಬೇಕು. ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಮೇಜು ತಾನಾಗಿ ಒಣಗುವುದಿಲ್ಲ, ತೇವದ ಮೇಲೆ ಇಟ್ಟ ಒಎಂಆರ್ ಹಾಳೆ ಮೆತ್ತಗಾಗಿ ಪೆನ್ನಿನ ಮೊನೆಗೆ ಹರಿಯುತ್ತದೆ. ಫ್ಯಾನನ್ನು ಕಡಿಮೆ ವೇಗಕ್ಕೆ ಇಟ್ಟು, ಹಾಳೆಯ ಮೇಲ್ತುದಿಗೆ ಕನ್ನಡಕದ ಡಬ್ಬಿ ಹೇರಿ, ಗೋಡೆ ಗಡಿಯಾರದ ದೊಡ್ಡ ಮುಳ್ಳು ಆರಕ್ಕೋ ಹನ್ನೆರಡಕ್ಕೋ ಬರುವವರೆಗೆ ಕಾಯುತ್ತಿದ್ದೆ. ಒಂದು ರಾತ್ರಿಗೆ ಒಂದೇ ಭಾಗ, ಮೂವತ್ತು ನಿಮಿಷ. ಆ ಹೊತ್ತಿನಲ್ಲಿ ಅತ್ತೆ ಟಿವಿಯ ಸದ್ದನ್ನು ತಾವಾಗಿಯೇ ತಗ್ಗಿಸುತ್ತಿದ್ದರು. ವೃತ್ತಗಳನ್ನು ಕಪ್ಪು ಬಾಲ್‌ಪಾಯಿಂಟ್ ಪೆನ್ನಿನಿಂದಲೇ ತುಂಬುತ್ತಿದ್ದೆ. ಅಭ್ಯಾಸಕ್ಕೆ ಪೆನ್ಸಿಲ್ ಸಾಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಳಿಸಲಾಗದು ಎಂದು ಗೊತ್ತಿದ್ದಾಗ ಮನಸ್ಸು ಪ್ರಶ್ನೆಯನ್ನು ಇನ್ನೊಮ್ಮೆ ಓದುತ್ತದೆ.

ಗಣಿತ ಮತ್ತು ಪರಿಸರ ಅಧ್ಯಯನದ ಭಾಗಗಳ ಬಗ್ಗೆ ದೂರಿಲ್ಲ. ಗಣಿತದಲ್ಲಿ ಪ್ರತಿ ಲೆಕ್ಕವನ್ನೂ ಹಂತಹಂತವಾಗಿ ಬಿಡಿಸಿ ತೋರಿಸಿದ್ದಾರೆ. ಭಾಷೆಯ ಭಾಗಗಳು ಸಾಧಾರಣ.

ಆದರೆ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ, ಅಂದರೆ ನಾವೆಲ್ಲ ಮನೋವಿಜ್ಞಾನ ಎಂದು ಕರೆಯುವ ಭಾಗ! ಇಡೀ ಪತ್ರಿಕೆಯಲ್ಲಿ ವಿವರಣೆ ಅತ್ಯಗತ್ಯವಾಗಿ ಬೇಕಾದದ್ದು ಇಲ್ಲಿಯೇ, ಪುಸ್ತಕ ಬಾಯಿ ಮುಚ್ಚಿಕೊಳ್ಳುವುದೂ ಇಲ್ಲಿಯೇ. ಅಗಲ ಲೋಟದ ನೀರನ್ನು ಎತ್ತರದ ಕಿರಿದಾದ ಲೋಟಕ್ಕೆ ಸುರಿದಾಗ ನೀರು ಹೆಚ್ಚಾಯಿತು ಎನ್ನುವ ಮಗು, ಮನೋವಿಜ್ಞಾನಿ ಪಿಯಾಜೆ ಹೇಳಿದ ಬೆಳವಣಿಗೆಯ ಹಂತಗಳಲ್ಲಿ ಯಾವುದರಲ್ಲಿದೆ ಎಂದು ಕೇಳುತ್ತಾರೆ. ಕೆಳಗೆ ‘ಸರಿಯುತ್ತರ: 2’. ಎರಡನೆಯ ಆಯ್ಕೆ ಕಾರ್ಯಪೂರ್ವ ಹಂತ, ಸುಮಾರು ಎರಡರಿಂದ ಏಳು ವರ್ಷ. ಸರಿ, ಆದರೆ ಮಗು ಹಾಗೆ ಏಕೆ ಹೇಳುತ್ತದೆ? ಮೂರನೆಯ ಆಯ್ಕೆಯಾದ, ಅದರ ಮುಂದಿನ ಮೂರ್ತ ಕಾರ್ಯಗಳ ಹಂತ ಏಕೆ ಅಲ್ಲ? ಉತ್ತರ ಗೊತ್ತಿದ್ದವರಿಗೆ ಆ ಸಂಖ್ಯೆ ಬೇಡ, ಗೊತ್ತಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರುವುದಿಲ್ಲ. ಲೋಟದ ಬದಲು ಮಣ್ಣಿನ ಉಂಡೆ ಬರುತ್ತದೆ, ನಾಣ್ಯಗಳ ಸಾಲು ಬರುತ್ತದೆ. ಸಂಖ್ಯೆಯನ್ನು ಬಾಯಿಪಾಠ ಮಾಡಿದವರು ಅಲ್ಲಿ ಕಣ್ಣು ಕಣ್ಣು ಬಿಡಬೇಕಾಗುತ್ತದೆ. ಕಷ್ಟಪಟ್ಟು ಉಳಿಸಿದ ಹಣದಲ್ಲಿ ಕೊಂಡವರನ್ನು ಹೀಗೆ ಅರ್ಧ ದಾರಿಯಲ್ಲಿ ಬಿಡುವುದು ಸರಿಯಲ್ಲ.

ಈ ಸಿಟ್ಟಿನಲ್ಲೇ ಒಂದು ದಿನ ಪುನರ್ಪುಳಿ ಶರಬತ್ತನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಶಾಲೆಗೆ ಹೋದೆ. ನೀರಿಗಿಂತ ಅದರ ಕೆಂಪು ಮಕ್ಕಳ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಲೆಕ್ಕಾಚಾರ. ಒಂದೇ ಅಳತೆಯ ಎರಡು ಪಾರದರ್ಶಕ ಪ್ಲಾಸ್ಟಿಕ್ ಲೋಟಗಳಿಗೆ ಸಮನಾಗಿ ಸುರಿದೆ. ಎರಡೂ ಸಮ ಎಂದು ಮಕ್ಕಳೇ ಹೇಳಿದರು. ಒಂದನ್ನು ಉದ್ದನೆಯ ಲೋಟಕ್ಕೆ ಸುರಿದಾಗ ಮುಂದಿನ ಸಾಲಿನ ಹುಡುಗಿ, “ಈಗ ಇದರಲ್ಲಿ ಜಾಸ್ತಿ ಇದೆ ಟೀಚರ್, ನನಗೆ ಇದೇ ಬೇಕು” ಎಂದಳು. ಹಿಂದಿನ ಲೋಟಕ್ಕೇ ಮರಳಿ ಸುರಿದೆ. “ಈಗ ಸಮ.” ಮತ್ತೆ ಉದ್ದ ಲೋಟಕ್ಕೆ ಸುರಿದೆ. “ಈಗ ಜಾಸ್ತಿ.” ಅವಳ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಎತ್ತರವೊಂದನ್ನೇ ಹಿಡಿದುಕೊಂಡ ಕಣ್ಣು ಅಗಲವನ್ನು ಗಣಿಸುತ್ತಿಲ್ಲ. ಸುರಿದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ಸುರಿದು ನೋಡಲು ಇನ್ನೂ ಬರುತ್ತಿಲ್ಲ. ಪುಸ್ತಕ ಕೊಡಬೇಕಾಗಿದ್ದ ವಿವರಣೆ ಇದೇ. ಆ ಸಂಜೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಗೆ ಹೋಗುವ ಬಸ್ಸಿನಲ್ಲಿ, ಆ ಪ್ರಶ್ನೆಯ ಪಕ್ಕದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಅದನ್ನು ಬರೆದಿಟ್ಟೆ.

ಅಲ್ಲಿಂದ ಮುಂದೆ ಪುಸ್ತಕದೊಂದಿಗಿನ ನನ್ನ ಸಂಬಂಧವೇ ಬದಲಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಎರಡನೆಯ ತರಗತಿಯ ಸಹೋದ್ಯೋಗಿ ಅಕ್ಕನನ್ನು ಕೇಳಿಕೊಂಡು ಅದೇ ಶರಬತ್ತಿನ ಆಟವನ್ನು ಅವರ ಮಕ್ಕಳ ಮುಂದೆ ಇಟ್ಟೆ. “ಅದನ್ನೇ ಅಲ್ಲವಾ ಟೀಚರ್ ನೀವು ಸುರಿದದ್ದು?” ಎಂದು ಒಬ್ಬ ಹುಡುಗ ನನ್ನನ್ನೇ ಕೇಳಿದ. ಕೆಲವರು ಇನ್ನೂ ಉದ್ದ ಲೋಟದ ಕಡೆಗೇ ಕೈ ತೋರಿಸಿದರು. ಚೆನ್ನೆಮಣೆಯ ಬೀಜಗಳನ್ನು ಎರಡು ಸಾಲಾಗಿ ಜೋಡಿಸಿ ಒಂದು ಸಾಲನ್ನು ಅಗಲಿಸಿದಾಗ, ಶರಬತ್ತಿನಲ್ಲಿ ಎಡವಿದ ನನ್ನ ಯುಕೆಜಿಯ ಒಬ್ಬಿಬ್ಬರು ಎರಡೂ ಸಾಲು ಸಮ ಎಂದರು. ಬೀಜಗಳು ನಾಲ್ಕೋ ಐದೋ ಇದ್ದಾಗ ಮಾತ್ರ. ಹೆಚ್ಚಿಸಿದರೆ ಮತ್ತೆ ತಪ್ಪಿತು. ಏಳು ವರ್ಷ ತುಂಬಿದ ಬೆಳಿಗ್ಗೆ ಮಗು ಒಂದು ಹಂತದಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ಒಂದು ವಿಷಯದಲ್ಲಿ ಮೊದಲು, ಇನ್ನೊಂದರಲ್ಲಿ ಆಮೇಲೆ ದಾಟುತ್ತದೆ ಎಂಬುದು ಆ ಬೀಜಗಳಿಂದ ನನಗೆ ನಿಚ್ಚಳವಾಯಿತು.

ನಮ್ಮ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಇವೆ. ಬ್ಲಾಕ್‌ಗಳನ್ನು ಜೋಡಿಸುತ್ತಿದ್ದ ಹುಡುಗನೊಬ್ಬ ಯಾರಿಗೂ ಹೇಳದೆ ತನಗೆ ತಾನೇ “ಉಂದು ಮುಲ್ಪ, ಅವು ಅಲ್ಪ” ಎನ್ನುತ್ತಿದ್ದ. ಇದು ಇಲ್ಲಿ, ಅದು ಅಲ್ಲಿ ಎಂದು ಅವನು ತನ್ನ ಕೈಗಳಿಗೆ ಅಪ್ಪಣೆ ಕೊಡುತ್ತಿದ್ದ. ಇಂಥ ಸ್ವಗತವನ್ನು ಪಿಯಾಜೆ ಮೊದಲು ಅಹಂಕೇಂದ್ರಿತ ಮಾತು, ಅಂದರೆ ಕೇಳುವವರನ್ನು ಗಣಿಸದೆ ತನ್ನಷ್ಟಕ್ಕೇ ಆಡುವ ಮಾತು, ಎಂದು ಕರೆದರು. ಇನ್ನೊಬ್ಬ ಮನೋವಿಜ್ಞಾನಿ ವೈಗೋಟ್‌ಸ್ಕಿ ಅಷ್ಟಕ್ಕೇ ಒಪ್ಪಲಿಲ್ಲ, ಮಗು ತನ್ನ ಕೆಲಸವನ್ನು ತಾನೇ ನಡೆಸಿಕೊಳ್ಳುವ ಸಾಧನ ಅದು, ಮುಂದೆ ಅದೇ ಒಳಗೆ ಇಳಿದು ಮೌನದ ಯೋಚನೆಯಾಗುತ್ತದೆ ಎಂದರು. ಇಬ್ಬರ ನಡುವಿನ ಈ ಭೇದವನ್ನು ಕೇಳುವ ಪ್ರಶ್ನೆಗೂ ಪುಸ್ತಕದಲ್ಲಿರುವುದು ಬರೀ ಒಂದು ಸಂಖ್ಯೆ. ಅದರ ಅಂಚಿನಲ್ಲಿ ಆ ಹುಡುಗನ ಮಾತನ್ನು ತುಳುವಿನಲ್ಲೇ ಬರೆದಿದ್ದೇನೆ. ಪರೀಕ್ಷಾ ಕೊಠಡಿಯಲ್ಲಿ ವೈಗೋಟ್‌ಸ್ಕಿಯ ಹೆಸರು ಕಂಡಾಗಲೆಲ್ಲ ನನಗೆ ಕೇಳಿಸಿದ್ದು ಅವನ ಧ್ವನಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಪತ್ರಿಕೆಯ ಶಿಶು ವಿಕಾಸ ಭಾಗ 6ರಿಂದ 11 ವರ್ಷದ ಮಕ್ಕಳನ್ನು ಮುಂದಿಟ್ಟುಕೊಂಡದ್ದು ಎಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2011ರ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಎಲ್‌ಕೆಜಿ, ಯುಕೆಜಿಯವರಿಗೆ ಇದು ದೂರದ ವಿಷಯ ಎಂದು ಹಲವರು ಅಂದುಕೊಳ್ಳುತ್ತಾರೆ. ನನ್ನ ಅನುಭವ ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವಾಗಿ ನೋಡುತ್ತದೆ; ಒಂದು ಮತ್ತು ಎರಡನೆಯ ತರಗತಿಗಳು ನಮ್ಮ ಮಕ್ಕಳ ಜೊತೆಗೇ ಸೇರುತ್ತವೆ. ಹೊಸ್ತಿಲಿನ ಈಚೆಗಿನ ಮಕ್ಕಳನ್ನು ದಿನವೂ ನೋಡುವವರಿಗೆ ಆಚೆಗಿನ ಪ್ರಶ್ನೆಗಳು ಬೇಗ ಅರ್ಥವಾಗುತ್ತವೆ. ಅಂಗನವಾಡಿಯಲ್ಲೋ ಶಿಶುವಿಹಾರದಲ್ಲೋ ಇರುವ ಡಿ.ಎಲ್.ಇಡಿ. ಆದ ಅಕ್ಕ ತಂಗಿಯರು ಈ ಭಾಗಕ್ಕೆ ಹೆದರಬೇಕಾಗಿಲ್ಲ, ನಿಮ್ಮ ಹತ್ತಿರ ಇರುವಷ್ಟು ಉದಾಹರಣೆಗಳು ಯಾವ ಕೋಚಿಂಗ್ ತರಗತಿಯಲ್ಲೂ ಇಲ್ಲ.

ಶಿಕ್ಷಣತಜ್ಞರ ಮೇಲಿನ ಪ್ರಶ್ನೆಗಳಲ್ಲೂ ಅಂಚು ತುಂಬಿದೆ. ಕಿಂಡರ್‌ಗಾರ್ಟನ್ ಎಂದರೆ ಫ್ರೋಬೆಲ್ ಎಂಬಲ್ಲಿಗೆ ಪುಸ್ತಕ ನಿಲ್ಲುತ್ತದೆ. 1837ರಲ್ಲಿ ಜರ್ಮನಿಯ ಬಾದ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಶುರುವಾದದ್ದು, 1840ರಲ್ಲಿ ಆ ಹೆಸರು ಬಂದದ್ದು, 1907ರಲ್ಲಿ ರೋಮಿನ ಸಾನ್ ಲೊರೆಂಜೊದಲ್ಲಿ ಮಾಂಟೆಸ್ಸರಿ ಮೊದಲ ಮಕ್ಕಳ ಮನೆ ತೆರೆದದ್ದು, 1920ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ಕಟ್ಟಿದ್ದು, ಇವನ್ನೆಲ್ಲ ನಾನೇ ಸೇರಿಸಿಕೊಂಡೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ಮಾಡಿದ ಪ್ರಯೋಗ ಪುಸ್ತಕದ ಯಾವ ಪ್ರಶ್ನೆಯಲ್ಲೂ ಇಲ್ಲ. ಆದರೂ ಅದನ್ನು ಬರೆದಿಟ್ಟಿದ್ದೇನೆ, ನಮ್ಮ ಜಿಲ್ಲೆಯದು ಎಂಬ ಪ್ರೀತಿಯಿಂದ.

ಈಗ ಮೂರು ನಕ್ಷತ್ರದ ವಿಷಯ. ಒಂದು, ಪ್ರಶ್ನೆಗಳ ಆಯ್ಕೆಗೆ ಮತ್ತು ಗಣಿತದ ಭಾಗಕ್ಕೆ. ಇನ್ನೆರಡು, ಪುಟದ ಅಂಚನ್ನು ಧಾರಾಳವಾಗಿ ಖಾಲಿ ಬಿಟ್ಟದ್ದಕ್ಕೆ. ನನ್ನ ಪುಸ್ತಕದ ಬೆಲೆಯೆಲ್ಲ ಆ ಖಾಲಿ ಜಾಗದಲ್ಲೇ ಹುಟ್ಟಿದ್ದು. ಕಳೆದುಕೊಂಡ ಎರಡರಲ್ಲಿ ಒಂದು ಆ ಮುಖಪುಟದ ಮಾತಿಗೆ, ಮತ್ತೊಂದು ಸಡಿಲ ಬೈಂಡಿಂಗಿಗೆ. ಮೊದಲ ಮಳೆಗಾಲ ಮುಗಿಯುವ ಮೊದಲೇ ಬೆನ್ನಿನ ಅಂಟು ಬಿಟ್ಟು ಹಾಳೆಗಳು ಕಳಚಿದವು. ಬಂದರು ರಸ್ತೆಯ ಬೈಂಡಿಂಗ್ ಅಂಗಡಿಯವರು ದಾರ ಹೊಲಿದು ರಟ್ಟು ಹಾಕಿಕೊಟ್ಟ ಮೇಲೆ ಇವತ್ತಿಗೂ ಗಟ್ಟಿಯಾಗಿದೆ. ಪ್ರಕಟಿತ ಕೀ ಉತ್ತರಗಳೊಂದಿಗೆ ಹೋಲಿಸಿದಾಗ ಕೆಲವು ಉತ್ತರಗಳು ತಾಳೆಯಾಗಲಿಲ್ಲ. ಅದಕ್ಕೆ ಪ್ರತ್ಯೇಕವಾಗಿ ನಕ್ಷತ್ರ ಕಳೆದಿಲ್ಲ, ಆದರೆ ಹೋಲಿಸದೆ ಯಾರೂ ಈ ಪುಸ್ತಕವನ್ನು ನಂಬಬೇಡಿ.

ನಾನು ತೇರ್ಗಡೆಯಾದೆ. ಸಾಮಾನ್ಯ ವರ್ಗಕ್ಕೆ ಬೇಕಾದ 60 ಪ್ರತಿಶತ, ಅಂದರೆ 90 ಅಂಕ ದಾಟಿತು. ಪ್ರಮಾಣಪತ್ರಕ್ಕೆ ಈಗ ಜೀವಾವಧಿ ಮಾನ್ಯತೆ ಇರುವುದರಿಂದ ಮತ್ತೆ ಬರೆಯುವ ಚಿಂತೆಯಿಲ್ಲ. ನನ್ನ ಹಾಗೆ ದಿನವೂ ಮಕ್ಕಳ ನಡುವೆ ಇರುವವರು ಈ ಸಂಪುಟವನ್ನು ಧೈರ್ಯವಾಗಿ ಕೊಳ್ಳಬಹುದು. ಡಿ.ಎಲ್.ಇಡಿ. ಮುಗಿಸಿ ಮನೆಯಲ್ಲೇ ಕುಳಿತು ಓದುತ್ತಿರುವವರಿಗೆ, ಹತ್ತಿರದಲ್ಲಿ ಮಕ್ಕಳೇ ಇಲ್ಲದವರಿಗೆ ಇದು ಸಾಲದು. ಅವರು ಮನೋವಿಜ್ಞಾನಕ್ಕೆ ಡಿ.ಎಲ್.ಇಡಿ. ಪಠ್ಯವನ್ನೇ ಮತ್ತೆ ತೆರೆಯುವುದು ಒಳ್ಳೆಯದು. ಮುಂದಿನ ಮುದ್ರಣದಲ್ಲಿ ಆ ಭಾಗದ ಪ್ರತಿ ಪ್ರಶ್ನೆಗೆ ಎರಡೇ ಎರಡು ಸಾಲಿನ ವಿವರಣೆ ಸೇರಿಸಿ, ಬೇಕಾದರೆ ಐವತ್ತು ರೂಪಾಯಿ ಹೆಚ್ಚಿಸಿ ಎಂದು ಪ್ರಕಾಶಕರಿಗೆ ಪತ್ರ ಬರೆದಿದ್ದೇನೆ. ಈ ಸಲ ಪರೀಕ್ಷೆ ಬರೆಯುತ್ತಿರುವ ಎರಡನೆಯ ತರಗತಿಯ ಅಕ್ಕ ನನ್ನ ಪ್ರತಿಯನ್ನು ಒಯ್ದಿದ್ದಾರೆ. ಹೊಸದನ್ನು ಕೊಳ್ಳುವುದು ಬೇಡ, ಅಂಚಿನಲ್ಲಿ ಬರೆದದ್ದೇ ಬೇಕು ಎಂದರು.